ಕೆಂಪು ನೆಲದಿಂದ ಹಿರಿಯರ ವಸತಿಗೆ: ಪೋಲಿಯೊದೊಂದಿಗೆ ಬದುಕಿದ ಶಿಕ್ಷಕಿಯೊಬ್ಬರು ತೆಗೆದುಕೊಂಡ ಎರಡು ವರ್ಷದ ನಿರ್ಧಾರ

ಹಿನ್ನೆಲೆ

ಇದು ಮೈಸೂರಿನ ಹಳೆಯ ಬಡಾವಣೆಯೊಂದರಲ್ಲಿ ವಾಸವಿದ್ದ ನಿವೃತ್ತ ಸರ್ಕಾರಿ ಪ್ರೌಢಶಾಲಾ ಗಣಿತ ಶಿಕ್ಷಕಿಯೊಬ್ಬರ ಪ್ರಕರಣ. ಅವರ ಒಪ್ಪಿಗೆ ಪಡೆದು, ಬರೆದದ್ದನ್ನು ಅವರಿಗೆ ಓದಿ ಹೇಳಿ, ಗುರುತು ಹತ್ತಬಹುದಾದ ಕೆಲವು ವಿವರಗಳನ್ನು ಬದಲಿಸಿ ಇಲ್ಲಿ ಕೊಡುತ್ತಿದ್ದೇನೆ. ಅವರ ಬೀದಿಯವರೆಲ್ಲ ಕರೆಯುತ್ತಿದ್ದಂತೆ ನಾನೂ ಅವರನ್ನು ಟೀಚರ್ ಎಂದೇ ಕರೆಯುತ್ತೇನೆ. ನಾನು ಆಕ್ಯುಪೇಷನಲ್ ಥೆರಪಿಸ್ಟ್. ಅಂದರೆ ಒಬ್ಬ ವ್ಯಕ್ತಿ ಸ್ನಾನ, ಅಡುಗೆ, ಶೌಚ, ಓಡಾಟದಂಥ ದಿನನಿತ್ಯದ ಕೆಲಸಗಳನ್ನು ಯಾವ ಬಗೆಯಲ್ಲಿ ಮಾಡಿಕೊಳ್ಳುತ್ತಾರೆ ಎಂಬುದನ್ನು ನೋಡಿ, ಆ ಬಗೆಗೆ ಮನೆಯನ್ನೂ ಸಲಕರಣೆಯನ್ನೂ ಹೊಂದಿಸುವುದು ನನ್ನ ಕೆಲಸ.

ಟೀಚರ್ ಹುಟ್ಟಿದ್ದು 1956ರಲ್ಲಿ. ಎರಡನೆಯ ವಯಸ್ಸಿನಲ್ಲಿ ಬಂದ ಜ್ವರ ಇಳಿದಾಗ ಎಡಗಾಲಿನಲ್ಲಿ ಶಕ್ತಿ ಉಳಿದಿರಲಿಲ್ಲ. ಅವರ ಪೀಳಿಗೆಗೆ ಪೋಲಿಯೊ ಹನಿ ಸಿಕ್ಕಿರಲಿಲ್ಲ. ಭಾರತ ಪೋಲಿಯೊ ಮುಕ್ತವೆಂದು 2014ರ ಮಾರ್ಚ್‌ನಲ್ಲಿ ಘೋಷಣೆಯಾಯಿತು. ಅದರ ಸಂತೋಷದ ನಡುವೆ, ಹಳೆಯ ಪೋಲಿಯೊದೊಂದಿಗೆ ಬದುಕುತ್ತಿರುವ ದೊಡ್ಡ ಪೀಳಿಗೆಯೊಂದು ಈಗ ಮುಪ್ಪಿಗೆ ಕಾಲಿಡುತ್ತಿದೆ ಎಂಬುದು ಎಲ್ಲರ ಗಮನದಿಂದ ಜಾರಿಹೋಯಿತು ಎಂದು ನನಗೆ ಅನಿಸುತ್ತದೆ. ಟೀಚರ್ ತೊಡೆಯಿಂದ ಪಾದದವರೆಗಿನ ಕ್ಯಾಲಿಪರ್ (ಬಲವಿಲ್ಲದ ಕಾಲಿಗೆ ಆಧಾರ ಕೊಡುವ ಚೌಕಟ್ಟು) ತೊಟ್ಟು, ಬಲಗೈಯಲ್ಲಿ ಊರುಗೋಲು ಹಿಡಿದು ಮೂರು ದಶಕ ಪಾಠ ಮಾಡಿದರು. ಮದುವೆಯಾಗಲಿಲ್ಲ. ತಂದೆ ಕಟ್ಟಿಸಿದ ಮನೆ ಅವರ ಹೆಸರಿಗೆ ಬಂದಿತ್ತು. 2016ರಲ್ಲಿ ನಿವೃತ್ತರಾದ ಮೇಲೆ, ಬೆಳಗ್ಗೆ ಎರಡು ಗಂಟೆ ಕಾಲ ಬರುವ ಮನೆಗೆಲಸದವರ ನೆರವಿನಿಂದ ಒಬ್ಬರೇ ಇದ್ದರು. ತಮ್ಮ ಮತ್ತು ಅವರ ಕುಟುಂಬ ಬೆಂಗಳೂರಿನಲ್ಲಿ.

ಮುಂದಿನದು ಅರ್ಥವಾಗಬೇಕಾದರೆ ಮನೆಯೊಳಗೆ ಅವರು ಓಡಾಡುತ್ತಿದ್ದ ಬಗೆಯನ್ನು ವಿವರಿಸಬೇಕು. ಹೊರಗೆ ಕ್ಯಾಲಿಪರ್ ತೊಟ್ಟು ನಡೆಯುತ್ತಿದ್ದ ಟೀಚರ್ ಸಂಜೆ ಮನೆಗೆ ಬಂದೊಡನೆ ಅದನ್ನು ಬಿಚ್ಚಿಟ್ಟು ನೆಲಕ್ಕೆ ಇಳಿಯುತ್ತಿದ್ದರು. ಎರಡೂ ಅಂಗೈಗಳನ್ನು ನೆಲಕ್ಕೆ ಊರಿ ಕೂತಂತೆಯೇ ಜರುಗುತ್ತಾ ಹಜಾರದಿಂದ ಅಡುಗೆಮನೆಗೆ, ಅಲ್ಲಿಂದ ಬಚ್ಚಲಿಗೆ ಹೋಗುತ್ತಿದ್ದರು. ಒಲೆಯನ್ನು ಒಂದು ಅಡಿ ಎತ್ತರದ ಕಟ್ಟೆಯ ಮೇಲೆ ಇಡಿಸಿಕೊಂಡಿದ್ದರು. ಅರವತ್ತು ವರ್ಷ ಉಜ್ಜಿ ಉಜ್ಜಿ ಕನ್ನಡಿಯಂತಾಗಿದ್ದ ರೆಡ್ ಆಕ್ಸೈಡ್ ನೆಲ ಅವರಿಗೆ ರಸ್ತೆಯಷ್ಟೇ ಸಲೀಸಾಗಿತ್ತು. ಪೋಲಿಯೊ ಬಂದ ಎಷ್ಟೋ ಜನ ಮನೆಯಲ್ಲಿ ಹೀಗೆಯೇ ಓಡಾಡುತ್ತಾರೆ. ವೈದ್ಯರ ಎದುರು ಹೇಳಿಕೊಳ್ಳಲು ಸಂಕೋಚಪಡುತ್ತಾರೆ. ವೈದ್ಯರೂ ಕೇಳುವುದಿಲ್ಲ.

ಸಮಸ್ಯೆ ತಲೆದೋರಿದ್ದು

ಅರವತ್ತು ದಾಟಿದ ಮೇಲೆ ಇದುವರೆಗೆ ಗಟ್ಟಿಯಾಗಿದ್ದ ಬಲಗಾಲು ಸೋಲತೊಡಗಿತು. ಭುಜಗಳಲ್ಲಿ ನೋವು, ಮಧ್ಯಾಹ್ನಕ್ಕೇ ಮೈ ಕುಸಿದುಬಿಡುವಂಥ ಆಯಾಸ. ಬೇರೆ ಕಾರಣಗಳಿಲ್ಲವೆಂದು ಪರೀಕ್ಷೆಗಳಿಂದ ಖಚಿತಪಡಿಸಿಕೊಂಡ ನರರೋಗ ತಜ್ಞರು ಇದು ಪೋಲಿಯೊ ನಂತರದ ದುರ್ಬಲತೆ ಎಂದರು. ಪೋಲಿಯೊದಲ್ಲಿ ಸತ್ತ ನರಕೋಶಗಳ ಕೆಲಸವನ್ನೂ ಹೊತ್ತುಕೊಂಡು ದಶಕಗಳ ಕಾಲ ದುಡಿದ ಉಳಿದ ನರಕೋಶಗಳು ಕೊನೆಗೆ ದಣಿಯುತ್ತವೆ. ಮೊದಲ ಕಾಯಿಲೆ ಸ್ಥಿರವಾಗಿ ಹದಿನೈದು ವರ್ಷವೋ ಅದಕ್ಕಿಂತ ಬಹಳ ಹೆಚ್ಚೋ ಕಳೆದ ಮೇಲೆ ಇದು ಕಾಣಿಸಿಕೊಳ್ಳುತ್ತದೆ. ಇಂಥವರಿಗೆ "ಇನ್ನೂ ಸ್ವಲ್ಪ ನಡೆಯಿರಿ" ಎಂದು ಹುರಿದುಂಬಿಸುವುದು ಕೆಟ್ಟ ಸಲಹೆ. ದಣಿಯುವ ಮೊದಲೇ ನಿಲ್ಲಿಸಬೇಕು, ಶಕ್ತಿಯನ್ನು ದುಡ್ಡಿನಂತೆ ಲೆಕ್ಕ ಹಾಕಿ ಖರ್ಚು ಮಾಡಬೇಕು.

2022ರ ಡಿಸೆಂಬರ್‌ನ ಒಂದು ರಾತ್ರಿ, ಎರಡೂವರೆಯ ಹೊತ್ತಿಗೆ ಶೌಚಕ್ಕೆಂದು ಹೋದ ಟೀಚರ್ ಬಚ್ಚಲಮನೆಯ ಕಟ್ಟೆ ದಾಟುವಾಗ ಉರುಳಿಬಿದ್ದರು. ಬಲ ಮಣಿಕಟ್ಟಿನ ಮೂಳೆ ಮುರಿಯಿತು. ಊರುಗೋಲು ಹಿಡಿಯುವ ಕೈಯೂ ಅದೇ, ನೆಲಕ್ಕೆ ಊರಿ ಜರುಗುವ ಕೈಯೂ ಅದೇ. ಫೋನು ಮಂಚದ ಮೇಲಿತ್ತು. ಬೆಳಗ್ಗೆ ಆರೂವರೆಗೆ ಕೆಲಸದವರು ಬಂದು ಬಾಗಿಲು ಬಡಿದು, ಉತ್ತರ ಬಾರದೆ, ಪಕ್ಕದ ಮನೆಯ ದಂಪತಿಗಳ ಬಳಿ ಇದ್ದ ಇನ್ನೊಂದು ಬೀಗದ ಕೈ ತಂದು ತೆರೆಯುವವರೆಗೆ, ನಾಲ್ಕು ಗಂಟೆ ಕಾಲ ಅವರು ಒದ್ದೆ ನೆಲದ ಮೇಲೆ ಚಳಿಯಲ್ಲಿ ಇದ್ದರು.

ಮುರಿದ ಕೈಗೆ ಪಟ್ಟಿ ಹಾಕಿಸಿದ ವಾರದಲ್ಲೇ ತಮ್ಮನವರು ನಿರ್ಧಾರ ಮಾಡಿಯಾಗಿತ್ತು. ನಗರದ ಹೊರವಲಯದ ಹಿರಿಯರ ವಸತಿ ಸಮುಚ್ಚಯವೊಂದಕ್ಕೆ ಐವತ್ತು ಸಾವಿರ ಮುಂಗಡ ಕಟ್ಟಿ ಬಂದು ಅಕ್ಕನಿಗೆ ರಸೀದಿ ತೋರಿಸಿದರು. "ಅಕ್ಕ, ಇನ್ನೊಂದು ಸಲ ಇಂಥ ಫೋನ್ ಬಂದರೆ ನನ್ನ ಎದೆ ತಡೆಯುವುದಿಲ್ಲ" ಎಂದು ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಟೀಚರ್ ಹೇಳಿದ್ದು ಇಷ್ಟೇ: "ಬಿದ್ದವಳು ನಾನು, ಕೇಳಿದ್ದು ಯಾರನ್ನು?" ಇಬ್ಬರ ನಡುವೆ ಮಾತು ನಿಂತಿತು. ತಮ್ಮನ ಮಗಳು ನನ್ನನ್ನು ಕರೆಸಿದ್ದು ಆಗ, 2023ರ ಜನವರಿಯಲ್ಲಿ. ಅತ್ತೆ ಒಂಟಿಯಾಗಿ ಇರಬಲ್ಲರೇ ಇಲ್ಲವೇ ಎಂಬುದಕ್ಕೆ ನಾನೊಂದು ವರದಿ ಕೊಡಬೇಕು ಎಂಬುದು ಆಕೆಯ ಕೋರಿಕೆಯಾಗಿತ್ತು.

ಕೈಲೆಕ್ಕ

ಆ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂದು ಬರೆದುಕೊಡಲು ನಾನು ಒಪ್ಪಲಿಲ್ಲ. ಹಾಗೆ ಬರೆದುಕೊಟ್ಟಿದ್ದರೆ ಮುಂಗಡ ಕಟ್ಟಿದ ರಸೀದಿಗೆ ಇನ್ನೊಂದು ಕಾಗದ ಸೇರುತ್ತಿತ್ತು, ಅಷ್ಟೆ. ಬದಲಿಗೆ ಟೀಚರ್ ಅವರನ್ನು ಒಂದು ಕೆಲಸ ಕೇಳಿಕೊಂಡೆ. ಪಟ್ಟಿ ಬಿಚ್ಚಿ, ಕೈಗೆ ಸ್ವಲ್ಪ ಬಲ ಬಂದ ಮೇಲೆ, ಏಳು ದಿನ, ಇನ್ನೊಬ್ಬರ ಕೈ ಬೇಕಾದ ಪ್ರತಿಯೊಂದು ಸಲವನ್ನೂ ಬರೆದಿಡಬೇಕು: ಎಷ್ಟು ಗಂಟೆಗೆ, ಯಾವ ಕೆಲಸಕ್ಕೆ, ಎಷ್ಟು ನಿಮಿಷ, ಆ ಕೈ ಸಿಕ್ಕಿತೇ ಇಲ್ಲವೇ. ಗಣಿತದ ಟೀಚರ್ ಅದಕ್ಕೆ ಕೈಲೆಕ್ಕ ಎಂದು ಹೆಸರಿಟ್ಟು, ನಾಲ್ಕು ಕಂಬಸಾಲು ಗೆರೆ ಎಳೆದ ಪುಸ್ತಕದಲ್ಲಿ ಬರೆದರು.

ಏಳು ದಿನಕ್ಕೆ 41 ನಮೂದುಗಳು. ದಿನವೊಂದಕ್ಕೆ ಸರಾಸರಿ ಮುಕ್ಕಾಲು ಗಂಟೆಯ ನೆರವು. ಅದರಲ್ಲಿ 26 ನಮೂದುಗಳು ಬೆಳಗ್ಗೆ ಐದೂವರೆಯಿಂದ ಏಳೂವರೆಯ ಒಳಗಿನವು: ನೀರು ಎತ್ತಿಡುವುದು, ಸ್ನಾನ ಮುಗಿಸಿ ಮೇಲೇಳುವುದು, ಕ್ಯಾಲಿಪರ್‌ನ ಪಟ್ಟಿ ಬಿಗಿಯುವುದು. ಉಳಿದವು ದಿನವಿಡೀ ಚದುರಿದ್ದವು. ರಾತ್ರಿಯದು ಮೂರೇ ನಮೂದು. ಆದರೆ ಆ ಮೂರರ ಮುಂದೆಯೂ ಒಂದೇ ಸಾಲು ಇತ್ತು: "ಕೈ ಬೇಕಿತ್ತು, ಇರಲಿಲ್ಲ."

ಆ ಪುಸ್ತಕವನ್ನು ತಮ್ಮ, ತಮ್ಮನ ಮಗಳು, ಟೀಚರ್ ಮತ್ತು ನಾನು ಒಟ್ಟಿಗೆ ಕೂತು ಓದಿದ್ದು ಈ ಪ್ರಕರಣದ ಮೊದಲ ತಿರುವು. ಇಪ್ಪತ್ನಾಲ್ಕು ಗಂಟೆಯೂ ಆರೈಕೆ ಬೇಕು ಎಂದು ನಂಬಿದ್ದ ತಮ್ಮನಿಗೆ ಮುಕ್ಕಾಲು ಗಂಟೆಯ ಲೆಕ್ಕ ಆಶ್ಚರ್ಯ ತಂದಿತು. ತನಗೆ ಏನೂ ಆಗಿಲ್ಲವೆಂದು ಹಟ ಹಿಡಿದಿದ್ದ ಟೀಚರ್ ತಾವೇ ಬರೆದ ರಾತ್ರಿಯ ಮೂರು ಸಾಲುಗಳನ್ನು ಅಲ್ಲಗಳೆಯಲಾಗಲಿಲ್ಲ. ಅಲ್ಲಿಂದ ಮುಂದೆ ಇವರು ಒಂಟಿಯಾಗಿ ಇರಬಲ್ಲರೇ ಎಂದು ಯಾರೂ ಕೇಳಲಿಲ್ಲ. ಬೆಳಗಿನ ಆ ಎರಡು ಗಂಟೆಗಳ ಅವಧಿಗೂ ನಡುರಾತ್ರಿಗೂ ಯಾರ ಕೈ, ಎಲ್ಲಿಂದ, ಯಾವ ಬೆಲೆಗೆ ಎಂಬ ಪ್ರಶ್ನೆಯ ಮೇಲೆ ಮಾತು ನಡೆಯಿತು.

ಸಮುಚ್ಚಯವನ್ನು ಅಳೆದು ನೋಡಿದ್ದು

ಮುಂಗಡ ಕಟ್ಟಿದ್ದ ಸಮುಚ್ಚಯಕ್ಕೆ ಫೆಬ್ರವರಿಯಲ್ಲಿ ಟೇಪು ಹಿಡಿದುಕೊಂಡೇ ಹೋದೆವು. ಜಾಗ ಸುಂದರವಾಗಿತ್ತು, ಊಟದ ಮನೆ ಶುಚಿಯಾಗಿತ್ತು, ಅಲ್ಲಿದ್ದ ಹಿರಿಯರು ನಗುನಗುತ್ತಾ ಮಾತಾಡಿಸಿದರು. ಇದನ್ನು ಮೊದಲು ಹೇಳುತ್ತಿರುವುದಕ್ಕೆ ಕಾರಣ, ಮುಂದೆ ನಾನು ಹೇಳುವ ಕೊರತೆಗಳು ಅಲ್ಲಿಯವರ ಅಸಡ್ಡೆಯಿಂದ ಆದವಲ್ಲ. ಆ ಕಟ್ಟಡವನ್ನು ಯೋಜಿಸಿದವರ ಕಣ್ಣೆದುರು ಇದ್ದ ವ್ಯಕ್ತಿ, ಅರವತ್ತೈದು ವರ್ಷ ಸರಾಗವಾಗಿ ನಡೆದಾಡಿ ಈಗ ತುಸು ನಿಧಾನವಾಗಿರುವ ಹಿರಿಯರು. ಹುಟ್ಟಿನಿಂದಲೋ ಬಾಲ್ಯದಿಂದಲೋ ಬೇರೆ ಬಗೆಯಲ್ಲಿ ಓಡಾಡಿದವರಿಗೂ ಮುಪ್ಪು ಬರುತ್ತದೆ ಎಂಬುದು ಅವರ ನಕ್ಷೆಯಲ್ಲಿ ಇರಲಿಲ್ಲ.

ನೆಲಕ್ಕೆ ಜಾರದಂಥ ಒರಟು ಟೈಲ್ಸ್ ಹಾಕಿದ್ದರು. ನಡೆಯುವವರಿಗೆ ಅದು ರಕ್ಷಣೆ. ಕೂತು ಜರುಗುವವರಿಗೆ ಅಂಗೈಯನ್ನೂ ತೊಡೆಯನ್ನೂ ತರಚುವ ಮರಳುಕಾಗದ. ಸ್ನಾನದ ಕೋಣೆಯ ಬಾಗಿಲು 75 ಸೆಂಟಿಮೀಟರ್. ಕೇಂದ್ರ ಸರ್ಕಾರ 2021ರಲ್ಲಿ ಹೊರತಂದ ಸಾರ್ವತ್ರಿಕ ಸುಗಮ್ಯತೆಯ ಮಾರ್ಗಸೂಚಿ ಹೇಳುವುದು 90. ಊಟದ ಮನೆಗೆ ಹತ್ತುವ ಇಳಿಜಾರು ಎರಡು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದವಿತ್ತು. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕು ಎಂಬ ನಿಯಮದ ಪ್ರಕಾರ ಅದು ಇಪ್ಪತ್ನಾಲ್ಕು ಅಡಿ ಇರಬೇಕಿತ್ತು. ಬೇರೆಯವರು ತಳ್ಳಿದರಷ್ಟೇ ಅಲ್ಲಿ ವೀಲ್‌ಚೇರ್ ಹತ್ತುತ್ತದೆ.

ನನಗೆ ಹೊಳೆಯದೆ ಟೀಚರ್‌ಗೆ ಹೊಳೆದದ್ದು ತುರ್ತು ಕರೆಗಂಟೆ. ಅದು ಸ್ನಾನದ ಕೋಣೆಯ ಗೋಡೆಯಲ್ಲಿ ನಾಲ್ಕು ಅಡಿ ಎತ್ತರದಲ್ಲಿತ್ತು. ಟೀಚರ್ ಏನೂ ಹೇಳದೆ ಕಮೋಡಿನ ಪಕ್ಕದಲ್ಲಿ ನೆಲಕ್ಕೆ ಇಳಿದು ಕುಳಿತು, ಕೈ ಚಾಚಿದರು. ಗುಂಡಿಗೂ ಬೆರಳಿಗೂ ಒಂದು ಗೇಣಿಗಿಂತ ಹೆಚ್ಚು ಅಂತರ ಉಳಿಯಿತು. "ನಾನು ಬಿದ್ದಾಗ ಇರುವುದು ಇಲ್ಲಿ. ನಿಂತಿರುವಾಗ ನನಗೆ ಗಂಟೆ ಯಾತಕ್ಕೆ?" ಎಂದರು. ಜೊತೆಗಿದ್ದ ವ್ಯವಸ್ಥಾಪಕರು ತಕ್ಷಣ ಬರೆದುಕೊಂಡರು. ಬೇರೆ ಯಾವ ಹಿರಿಯರಿಗಾದರೂ ಈ ಮಾತು ಅನ್ವಯಿಸುತ್ತದೆ. ಆದರೆ ಅದನ್ನು ಹೇಳಲು ನೆಲದ ಮೇಲೆ ಬದುಕಿ ಗೊತ್ತಿದ್ದವರೇ ಬರಬೇಕಾಯಿತು.

ಕರಾರಿನ ಕರಡು ಇನ್ನೂ ಮುಖ್ಯವಾಗಿತ್ತು. ಹನ್ನೆರಡು ಲಕ್ಷ ಠೇವಣಿ, ಊಟ ಸೇರಿ ತಿಂಗಳಿಗೆ 28,000. ಸೇರುವವರು ತಮ್ಮ ಕೆಲಸಗಳನ್ನು ಯಾರ ಸಹಾಯವೂ ಇಲ್ಲದೆ ಮಾಡಿಕೊಳ್ಳಬಲ್ಲರೆಂದು ವೈದ್ಯರ ಪ್ರಮಾಣಪತ್ರ ಕೊಡಬೇಕು. ಮುಂದೆ ನೆರವು ಬೇಕಾದರೆ ಸ್ವಂತ ಖರ್ಚಿನಲ್ಲಿ ಆಯಾ ಇಟ್ಟುಕೊಳ್ಳಬೇಕು, ಇಲ್ಲವೇ ಜಾಗ ಬಿಡಬೇಕು. ಯಾವಾಗ ಎಂದು ತೀರ್ಮಾನಿಸುವವರು ಆಡಳಿತದವರೇ. ಠೇವಣಿ ವಾಪಸಾಗುವುದು ಆ ಮನೆಗೆ ಇನ್ನೊಬ್ಬರು ಬಂದ ಮೇಲೆ. ಅಂದರೆ, ಬೆಳಗಿನ ಹೊತ್ತಿನ ನೆರವಿಗಾಗಿ ಮನೆ ಬಿಟ್ಟು ಬರುವ ವ್ಯಕ್ತಿ, ಆ ನೆರವು ತಮಗೆ ಬೇಡವೆಂದು ಬರೆದುಕೊಟ್ಟು ಒಳಗೆ ಬರಬೇಕಿತ್ತು. ಟೀಚರ್ ಬಳಿ ಶೇಕಡಾ 65ರ ಅಂಗವಿಕಲತೆಯ ಪ್ರಮಾಣಪತ್ರವಿತ್ತು. ಒಂದೇ ಕಡತದಲ್ಲಿ ಆ ಪತ್ರವನ್ನೂ ಈ ಪತ್ರವನ್ನೂ ಇಡುವುದು ಹೇಗೆ ಎಂದು ಅವರು ಕೇಳಿದ್ದಕ್ಕೆ ಉತ್ತರ ಬರಲಿಲ್ಲ.

ತಮ್ಮನವರು ಮುಂಗಡದ ಮಾತೆತ್ತಿದಾಗ ನಾನು ಒಂದು ತಿಂಗಳ ಪ್ರಯೋಗವಾಸ ಕೇಳೋಣ ಎಂದೆ. ಆಡಳಿತದವರು ಅತಿಥಿ ಕೋಣೆಯನ್ನು ತಿಂಗಳಿಗೆ 32,000ಕ್ಕೆ ಕೊಡಲು ಒಪ್ಪಿದರು. ಹಿರಿಯರ ವಸತಿಯ ವಿಚಾರದಲ್ಲಿ ಯಾರೇ ನನ್ನ ಬಳಿ ಬಂದರೂ ನಾನು ಈಗ ಮೊದಲು ಹೇಳುವುದು ಇದನ್ನೇ. ಅರ್ಧ ದಿನದ ಭೇಟಿಯಲ್ಲಿ ಕಾಣುವುದು ತೋಟ ಮತ್ತು ಊಟದ ಮನೆ. ನಡುರಾತ್ರಿಯ ಎರಡೂವರೆ ಗಂಟೆ ಅಲ್ಲಿ ಉಳಿದವರಿಗೆ ಮಾತ್ರ ಕಾಣುತ್ತದೆ.

ಏಪ್ರಿಲ್ ತಿಂಗಳ ಪ್ರಯೋಗ

ಟೀಚರ್ ಮೂವತ್ತು ದಿನ ಪೂರ್ತಿ ಇದ್ದರು, ಕೈಲೆಕ್ಕವನ್ನೂ ಬರೆದರು. ಒಳ್ಳೆಯದೇನೆಂದರೆ, ಬಿದ್ದ ದಿನದಿಂದ ಕಳೆದುಕೊಂಡಿದ್ದ ನಿದ್ದೆ ವಾಪಸು ಬಂತು. ಹೊತ್ತುಹೊತ್ತಿಗೆ ಊಟ ಸಿಕ್ಕಿತು. ಇನ್ನೊಂದು ನಾವು ಊಹಿಸಿರದ ಸಂಗತಿ. ಅಲ್ಲಿ ಪಾರ್ಶ್ವವಾಯು ಬಡಿದು ಏಳೆಂಟು ತಿಂಗಳಾಗಿದ್ದ ಹಿರಿಯರೊಬ್ಬರಿದ್ದರು, ಕೋಣೆಯಿಂದ ಹೊರಬರುತ್ತಿರಲಿಲ್ಲ. ಊರುಗೋಲು ಯಾವ ಕೈಯಲ್ಲಿ ಹಿಡಿಯಬೇಕು, ಮೆಟ್ಟಿಲು ಹತ್ತುವಾಗ ಯಾವ ಕಾಲು ಮೊದಲು, ಇಳಿಯುವಾಗ ಯಾವುದು ಎಂದು ಟೀಚರ್ ಅವರಿಗೆ ಹೇಳಿಕೊಟ್ಟರು. ಆ ಜಾಗದಲ್ಲಿ ಅಂಗವೈಕಲ್ಯ ಹೊಸ ಆಘಾತವಲ್ಲದ ಏಕೈಕ ವ್ಯಕ್ತಿ ಅವರು. ಉಳಿದವರೆಲ್ಲರೂ ಎಪ್ಪತ್ತರ ವಯಸ್ಸಿನಲ್ಲಿ ಅದನ್ನು ಮೊದಲ ಸಲ ಕಲಿಯುತ್ತಿದ್ದರು. ಟೀಚರ್‌ಗೆ ಅರವತ್ತೈದು ವರ್ಷದ ಅನುಭವ.

ಕೆಟ್ಟದ್ದು ಹತ್ತನೆಯ ದಿನ ಗೊತ್ತಾಯಿತು. ಎರಡನೆಯ ದಿನ ಸಂಜೆ ಅವರು ಎಂದಿನಂತೆ ಕ್ಯಾಲಿಪರ್ ಬಿಚ್ಚಿ, ಬಾಗಿಲ ಬಳಿ ಇಟ್ಟಿದ್ದ ಹಾಲಿನ ಬಾಟಲಿ ತೆಗೆದುಕೊಳ್ಳಲು ಜರುಗುತ್ತಾ ಬಂದಾಗ, ಓಣಿಯಲ್ಲಿ ಹೋಗುತ್ತಿದ್ದ ಒಬ್ಬರು ಬಿದ್ದಿದ್ದಾರೆಂದು ಗಾಬರಿಗೊಂಡು ಕೂಗಿ, ಮೂವರು ಓಡಿಬಂದು ಅವರನ್ನು ಎತ್ತಿ ಕುರ್ಚಿಯಲ್ಲಿ ಕೂರಿಸಿದರು. ಯಾರದೂ ತಪ್ಪಲ್ಲ. ಆದರೆ ಆ ದಿನದಿಂದ ಟೀಚರ್ ಮಲಗುವವರೆಗೆ ಕ್ಯಾಲಿಪರ್ ಬಿಚ್ಚಲಿಲ್ಲ. ದಿನಕ್ಕೆ ಹದಿನಾಲ್ಕು ಗಂಟೆ ತೊಟ್ಟಿದ್ದರಿಂದ ತೊಡೆಯ ಒಳಭಾಗ ಹುಣ್ಣಾಯಿತು, ಭುಜದ ನೋವು ಹೆಚ್ಚಿತು. ಜನರಿಗೆ ಸಹಜವಾಗಿ ಕಾಣಲೆಂದು ತಮ್ಮ ದೇಹಕ್ಕೆ ಸಹಜವಾದದ್ದನ್ನು ಅವರು ಬಿಟ್ಟುಕೊಟ್ಟಿದ್ದರು.

ತಿಂಗಳು ಮುಗಿದಾಗ ಅವರು ಸೇರುವುದಿಲ್ಲ ಎಂದರು. ಅದಕ್ಕೆ ನಾಲ್ಕು ಕಾರಣಗಳನ್ನು ಅದೇ ಪುಸ್ತಕದ ಹಿಂಬದಿಯಲ್ಲಿ ಬರೆದು ತಮ್ಮನಿಗೆ ಕೊಟ್ಟರು: ನೆಲ, ಗಂಟೆ, ಇಳಿಜಾರು, ಕರಾರು. ಭಾವನೆಯ ಮಾತು ಒಂದೂ ಇರಲಿಲ್ಲ. ತಮ್ಮನವರು ಓದಿ, ಮುಂಗಡದಲ್ಲಿ ಹದಿನೈದು ಸಾವಿರ ಕಳೆದುಕೊಂಡು, ಉಳಿದದ್ದನ್ನು ವಾಪಸು ತಂದರು.

ಮನೆಯನ್ನು ಹೊಂದಿಸಿದ ಹದಿನಾಲ್ಕು ತಿಂಗಳು

ಜೂನ್‌ನಿಂದ ಆಗಸ್ಟ್‌ವರೆಗೆ ಮನೆಯ ಕೆಲಸ ನಡೆಯಿತು. ಒಟ್ಟು ಖರ್ಚು 1,64,000. ಬಚ್ಚಲಿನ ಕಟ್ಟೆ ಒಡೆಸಿ ನೆಲ ಸಮ ಮಾಡಿಸಿದೆವು, ಹಿಡಿಗಂಬಿಗಳನ್ನು ಅವರ ಬಲಗೈ ಅಳತೆಗೆ ಕೂರಿಸಿದೆವು, ನೆಲದಿಂದ ಒಂದು ಅಡಿ ಎತ್ತರದಲ್ಲಿ ಪಕ್ಕದ ಮನೆಗೆ ಕೇಳುವಂಥ ಕರೆಗಂಟೆ ಹಾಕಿಸಿದೆವು. ಮುಂಬಾಗಿಲ ಮೂರು ಮೆಟ್ಟಿಲಿನ ಒಟ್ಟು ಎತ್ತರ ಒಂದೂವರೆ ಅಡಿ. ಹದಿನೆಂಟು ಅಡಿ ಇಳಿಜಾರು ಬೇಕು. ಅಂಗಳ ಇದ್ದದ್ದು ಹನ್ನೊಂದು ಅಡಿ. ಹಾಗಾಗಿ ಪಕ್ಕದ ಓಣಿಯ ಉದ್ದಕ್ಕೂ ಇಳಿಜಾರು ಕಟ್ಟಿಸಿದೆವು. ಹೊಸಿಲು ತೆಗೆಯುವ ಮಾತು ಬಂದಾಗ ತಮ್ಮನವರು ಒಪ್ಪಲಿಲ್ಲ, ನಿಜ ಹೇಳಬೇಕೆಂದರೆ ಟೀಚರ್ ಕೂಡ ಒಪ್ಪಲಿಲ್ಲ. ಶುಕ್ರವಾರ ಅರಿಸಿನ ಕುಂಕುಮ ಇಟ್ಟ ಹೊಸಿಲು ಅದು. ಅದರ ಎರಡೂ ಬದಿಗೆ ಮರದ ಪುಟ್ಟ ಇಳಿಜಾರು ಮಾಡಿಸಿ, ಹೊಸಿಲನ್ನು ಹಾಗೆಯೇ ಉಳಿಸಿದೆವು. ಅಷ್ಟರಿಂದಲೇ ಕೆಲಸ ನಡೆಯಿತು.

ಕಟ್ಟಡ ನಾವು ಹೇಳಿದಂತೆ ಕೇಳಿತು. ಮನುಷ್ಯರ ವ್ಯವಸ್ಥೆ ಅಷ್ಟು ಸುಲಭವಾಗಿರಲಿಲ್ಲ. ಏಜೆನ್ಸಿಯಿಂದ ತಿಂಗಳಿಗೆ 21,000ಕ್ಕೆ ಹೋಮ್ ನರ್ಸ್ ಒಬ್ಬರನ್ನು ಮನೆಯಲ್ಲೇ ಇರಿಸಿಕೊಂಡರು. ಐದು ತಿಂಗಳಲ್ಲಿ ಮೂವರು ಬದಲಾದರು. ಒಬ್ಬರಿಗೆ ಊರಿನಲ್ಲಿ ಮಗು ಕಾಯಿಲೆ, ಇನ್ನೊಬ್ಬರಿಗೆ ಹೆಚ್ಚಿನ ಸಂಬಳದ ಕೆಲಸ ಸಿಕ್ಕಿತು. ಅವರ ಬದುಕೂ ಸುಲಭದ್ದಲ್ಲ. ಪ್ರತಿಸಲವೂ ಹೊಸಬರಿಗೆ ತಮ್ಮ ಮೈಯನ್ನು ಹೇಗೆ ಹಿಡಿಯಬೇಕು ಎಂದು ಮೊದಲಿನಿಂದ ಕಲಿಸಬೇಕಾಗುತ್ತಿತ್ತು. ನಾಲ್ಕನೆಯವರು ಉಳಿದುಕೊಂಡರು. 2024ರ ಬೇಸಿಗೆಯ ಹೊತ್ತಿಗೆ ಎಲ್ಲವೂ ಒಂದು ಹದಕ್ಕೆ ಬಂದಿತ್ತು. ನಾನು ಕಡತ ಮುಚ್ಚುವ ಯೋಚನೆಯಲ್ಲಿದ್ದೆ.

ಜೂನ್‌ನಲ್ಲಿ ಪಕ್ಕದ ಮನೆಯ ದಂಪತಿಗಳು ಮನೆ ಮಾರಿ ಮಗನ ಜೊತೆ ಇರಲು ಹೊರಟರು. ಇಪ್ಪತ್ತೆಂಟು ವರ್ಷ ಟೀಚರ್ ಮನೆಯ ಬೀಗದ ಕೈ ಇಟ್ಟುಕೊಂಡಿದ್ದವರು, ಕರೆಗಂಟೆಯ ಇನ್ನೊಂದು ತುದಿಯಲ್ಲಿದ್ದವರು ಅವರು. ಮನೆ ಕೊಂಡವರು ಅದನ್ನು ಕೆಡವಿ ನಾಲ್ಕಂತಸ್ತಿನ ಕಟ್ಟಡ ಎಬ್ಬಿಸಲು ಶುರುಮಾಡಿದರು. ಎದುರು ಮನೆ ಅದಾಗಲೇ ಪಿ.ಜಿ. ಆಗಿತ್ತು. ಆಗ ನಾವೆಲ್ಲರೂ ನೋಡದೇ ಹೋಗಿದ್ದ ಒಂದು ಸಂಗತಿ ಕಣ್ಣಿಗೆ ಬಿತ್ತು. ಕೈಲೆಕ್ಕದಲ್ಲಿ ಕೆಲಸದವರ ಕೈ ಇತ್ತು, ಹೋಮ್ ನರ್ಸ್ ಕೈ ಇತ್ತು. ಪಕ್ಕದ ಮನೆಯವರ ಕೈ ಲೆಕ್ಕಕ್ಕೇ ಬಂದಿರಲಿಲ್ಲ, ಅದು ಇದ್ದೇ ಇರುತ್ತದೆ ಎಂದುಕೊಂಡಿದ್ದೆವು. ಇದು ನನ್ನ ತಪ್ಪು ಎಂದೇ ನಾನು ದಾಖಲಿಸುತ್ತೇನೆ. ಟೀಚರ್ ಮನೆ ಬಿಡದಿದ್ದರೂ ಅವರ ಬೀದಿ ಅವರನ್ನು ಬಿಟ್ಟು ಹೋಗಿತ್ತು. ಈಗ ಮನೆಗಳನ್ನು ನೋಡಲು ಹೋದಾಗ ನಾನು ಅಕ್ಕಪಕ್ಕದ ಮೂರು ಮನೆಯವರ ವಯಸ್ಸನ್ನೂ, ಅವರ ಮಕ್ಕಳು ಎಲ್ಲಿದ್ದಾರೆ ಎಂಬುದನ್ನೂ ಕೇಳಿ ಬರೆದುಕೊಳ್ಳುತ್ತೇನೆ.

ಎರಡನೆಯ ನಿರ್ಧಾರ

ಈ ಸಲ ಮಾತೆತ್ತಿದ್ದು ಟೀಚರ್ ಅವರೇ. ತಮ್ಮನಿಗೆ ಫೋನು ಮಾಡಿ, "ಈಗ ಹುಡುಕೋಣ, ಆದರೆ ಪಟ್ಟಿ ನನ್ನದು" ಎಂದರು. ಎರಡು ವರ್ಷದ ಹಿಂದೆ ಅವರಿಗೆ ಬೇಡವಾಗಿದ್ದೇ ಈಗ ಬೇಕಾಗಿತ್ತು ಎಂದು ಸಂಬಂಧಿಕರು ಆಡಿಕೊಂಡರು. ತಮ್ಮ ಇದ್ದೂ ವೃದ್ಧಾಶ್ರಮ ಸೇರುತ್ತಾರೆ ಎಂದೂ ಅಂದರು. ಮೊದಲ ಸಲ ಟೀಚರ್ ಅವರನ್ನು ಬೇರೆಯವರು ಕಳುಹಿಸಲು ಹೊರಟಿದ್ದರು, ಎರಡನೆಯ ಸಲ ಅವರೇ ಹೊರಟಿದ್ದರು. ನನ್ನ ದೃಷ್ಟಿಯಲ್ಲಿ ಇವು ಎರಡು ಬೇರೆ ಬೇರೆ ಘಟನೆಗಳು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 5ನೇ ಕಲಮು, ಅಂಗವಿಕಲ ವ್ಯಕ್ತಿಗೆ ಸಮುದಾಯದ ನಡುವೆ ಬದುಕುವ ಹಕ್ಕಿದೆ ಎನ್ನುತ್ತದೆ. ಅವರು ಇಂಥದ್ದೇ ವಾಸದ ವ್ಯವಸ್ಥೆಯಲ್ಲಿ ಇರಬೇಕೆಂಬ ಕಟ್ಟುಪಾಡು ಬಾರದಂತೆ ಸರ್ಕಾರ ಪ್ರಯತ್ನಿಸಬೇಕು ಎಂದೂ ಹೇಳುತ್ತದೆ. ನಾನು ಅದನ್ನು ಓದಿ ಹೇಳಿದಾಗ ಟೀಚರ್ ಆ ಸಾಲನ್ನು ಪುಸ್ತಕದಲ್ಲಿ ಬರೆದುಕೊಂಡರು.

ಹಣದ ವಿಚಾರದಲ್ಲಿ ಎರಡು ಸಲಹೆಗಳು ಬಂದಿದ್ದವು. ಮನೆ ಮಾರಿ ಸಮುಚ್ಚಯದಲ್ಲಿ ಮನೆ ಕೊಳ್ಳುವುದು ಒಂದು. ಮನೆಯನ್ನು ತಮ್ಮನ ಮಗಳಿಗೆ ದಾನಪತ್ರ ಮಾಡಿಕೊಟ್ಟು ಟೀಚರ್ ಖರ್ಚನ್ನು ಆಕೆಯೇ ನೋಡಿಕೊಳ್ಳುವುದು ಇನ್ನೊಂದು. ಎರಡನೆಯದರಲ್ಲಿ ದುರುದ್ದೇಶವಿರಲಿಲ್ಲ. ಆದರೂ ಹಿರಿಯ ನಾಗರಿಕರ 2007ರ ಕಾಯ್ದೆಯ 23ನೇ ಕಲಮಿನ ರಕ್ಷಣೆ (ಆರೈಕೆ ಸಿಗದಿದ್ದರೆ ದಾನವನ್ನು ರದ್ದು ಮಾಡಿಸುವ ಅವಕಾಶ) ಬೇಕಾದರೆ ಆರೈಕೆಯ ಶರತ್ತನ್ನು ಪತ್ರದಲ್ಲೇ ಬರೆಸುವುದು ಕ್ಷೇಮವೆಂದು ವಕೀಲರು ಹೇಳಿದರು. ಟೀಚರ್ ಎರಡನ್ನೂ ಬಿಟ್ಟರು. ಮನೆಯನ್ನು ಬಾಡಿಗೆಗೆ ಕೊಟ್ಟು ತಾವೂ ಬಾಡಿಗೆಗೆ ಹೋಗುವುದು ಅವರ ತೀರ್ಮಾನ. ಪಿಂಚಣಿ ಪರಿಷ್ಕರಣೆಯಾದ ಮೇಲೆ ಅವರ ಕೈಗೆ ಬರುತ್ತಿದ್ದುದು ತಿಂಗಳಿಗೆ 43,000ದ ಆಸುಪಾಸು, ಮನೆ ಬಾಡಿಗೆ 14,000.

ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಐದು ಕಡೆ ನೋಡಿದರು. ಎರಡು ಕಡೆ ವೀಲ್‌ಚೇರ್ ಎಂದೊಡನೆ ಮಾತು ತಣ್ಣಗಾಯಿತು. ಆರಿಸಿಕೊಂಡದ್ದು ನಗರದ ಒಳಗೇ ಇರುವ, ಮೂವತ್ತಕ್ಕಿಂತ ಕಡಿಮೆ ಕೋಣೆಗಳ ಸಣ್ಣ ಜಾಗ. ತೋಟವಿಲ್ಲ, ದೇವಸ್ಥಾನವಿಲ್ಲ, ಆದರೆ ರಾತ್ರಿ ಎಚ್ಚರವಿರುವ ಇಬ್ಬರು ಸಿಬ್ಬಂದಿ ಇದ್ದಾರೆ, ಬೆಳಗಿನ ನೆರವು ತಿಂಗಳ 36,000ದಲ್ಲೇ ಸೇರಿದೆ. ಕರಾರಿಗೆ ಒಂದು ಅನುಬಂಧ ಸೇರಿಸಲು ಆರು ವಾರ ಹಿಡಿಯಿತು. ಅದರಲ್ಲಿ ಕರೆಗಂಟೆಗೆ ನೆಲ ಮುಟ್ಟುವ ಹಗ್ಗ ಇತ್ತು. ಕೋಣೆಯ ಒರಟು ಟೈಲ್ಸ್ ಮೇಲೆ ನಯವಾದ ವಿನೈಲ್ ಹಾಸನ್ನು ಟೀಚರ್ ಖರ್ಚಿನಲ್ಲಿ ಹಾಕಿಸುವ ಒಪ್ಪಿಗೆ ಇತ್ತು. ಅವರು ನೆಲದ ಮೇಲೆ ಜರುಗುವುದು ಬೀಳುವುದಲ್ಲ, ಅವರು ಕರೆಯದೆ ಯಾರೂ ಎತ್ತಬಾರದು ಎಂಬ ಸಾಲೂ ಇತ್ತು. ಆ ಸಾಲನ್ನು ಟೀಚರ್ ತಾವೇ ಬರೆದರು. ಎಲ್ಲಕ್ಕಿಂತ ಹೆಚ್ಚು ಚರ್ಚೆಯಾದದ್ದು ಕೊನೆಯ ಶರತ್ತು: ಹೆಚ್ಚಿನ ನೆರವು ಬೇಕಾಗುವ ದಿನ ಬಂದರೆ, ಅವರನ್ನು ಕಾಯಂ ಆಗಿ ಕೋಣೆ ಬಿಡಿಸುವ ಮೊದಲು 90 ದಿನ ಕಾಯಬೇಕು, ಅನಂತರ ಹೊರಗಿನ ವೈದ್ಯರೊಬ್ಬರ ಪರಿಶೀಲನೆ ನಡೆಯಬೇಕು, ಆ ಮಾತುಕತೆಯಲ್ಲಿ ಟೀಚರ್ ಕೂತಿರಬೇಕು. 2024ರ ನವೆಂಬರ್‌ನಲ್ಲಿ ಅವರು ಸ್ಥಳಾಂತರಗೊಂಡರು.

ಆಮೇಲೆ ನಡೆದದ್ದು

ಎಲ್ಲವೂ ಸರಿಹೋಯಿತೆಂದು ಬರೆದರೆ ಅದು ಸುಳ್ಳಾಗುತ್ತದೆ. ಅಡುಗೆ ಮಾಡುವುದು ನಿಂತಿತು. ಒಂದು ಅಡಿ ಎತ್ತರದ ಆ ಕಟ್ಟೆಯ ಮುಂದೆ ಕೂತು ಸಾರಿಗೆ ಒಗ್ಗರಣೆ ಹಾಕುತ್ತಿದ್ದ ಕೈಗೆ ಈಗ ಸಂಜೆಗಳು ಉದ್ದವಾಗಿವೆ ಎಂದು ಅವರು ಹೇಳುತ್ತಾರೆ. ಊಟದ ಕೋಣೆಗೆ ವೀಲ್‌ಚೇರ್‌ನಲ್ಲಿ ಹೋಗಲು ಮೊದಲ ಎರಡು ತಿಂಗಳು ಒಪ್ಪಲಿಲ್ಲ. ಅರವತ್ತು ವರ್ಷ ನಡೆದೇ ತೋರಿಸಿದವರಿಗೆ ಅದು ಸೋಲಿನಂತೆ ಕಂಡಿತ್ತು. ದಿನದ ಶಕ್ತಿಯನ್ನು ಊಟದ ಕೋಣೆಯ ದಾರಿಗೇ ಸುರಿದರೆ ಸಂಜೆಯ ಓದಿಗೆ ಏನೂ ಉಳಿಯುವುದಿಲ್ಲ ಎಂದು ಲೆಕ್ಕ ಹಾಕಿ ನೋಡಿದ ಮೇಲೆ ಒಪ್ಪಿದರು. ಭುಜದ ನೋವು ಈಗ ಬಹಳ ಇಳಿದಿದೆ.

ಅನುಬಂಧದ ಕೊನೆಯ ಶರತ್ತಿನ ಪರೀಕ್ಷೆ ನಾವು ಎಣಿಸಿದ್ದಕ್ಕಿಂತ ಬೇಗ ಬಂತು. 2025ರ ಮಾರ್ಚ್‌ನಲ್ಲಿ ಅವರಿಗೆ ನ್ಯುಮೋನಿಯಾ ಆಯಿತು. ಆಸ್ಪತ್ರೆಯಿಂದ ಮರಳಿದಾಗ ಹಾಸಿಗೆಯಿಂದ ಕುರ್ಚಿಗೆ ಬರಲೂ ಇಬ್ಬರ ನೆರವು ಬೇಕಿತ್ತು. ಆಡಳಿತದವರು ಅವರನ್ನು ಮೇಲಿನ ಮಹಡಿಯ ಆರೈಕೆ ವಿಭಾಗಕ್ಕೆ ಕಾಯಂ ಆಗಿ ಸ್ಥಳಾಂತರಿಸಲು ಮುಂದಾದರು. ತಮ್ಮನವರೂ ಅರೆಮನಸ್ಸಿನಿಂದ ಒಪ್ಪಿದ್ದರು. ಟೀಚರ್ ಮಲಗಿದ್ದಲ್ಲಿಂದಲೇ ಅನುಬಂಧದ ಪ್ರತಿ ತರಿಸಿ, 90 ದಿನ ಎಂಬ ಅಂಕಿಯ ಕೆಳಗೆ ಗೆರೆ ಎಳೆದು ಕೊಟ್ಟರು. ಮೇಲಿನ ವಿಭಾಗಕ್ಕೆ ಹೋದರು, ಆದರೆ ತಾತ್ಕಾಲಿಕವಾಗಿ, ಕೆಳಗಿನ ಕೋಣೆ ತಮ್ಮ ಹೆಸರಲ್ಲೇ ಉಳಿದಿರುವಂತೆ. ಕೋಣೆ ಕೈತಪ್ಪಿದ್ದರೆ ಅದರ ಜೊತೆಗೆ ವಿನೈಲ್ ಹಾಸೂ ನೆಲ ಮುಟ್ಟುವ ಹಗ್ಗವೂ ಹೋಗುತ್ತಿದ್ದವು, ಒರಟು ನೆಲದ ಮೇಲೆ ಅವರು ಮತ್ತೆ ಓಡಾಡುವುದು ಸಾಧ್ಯವಾಗುತ್ತಿರಲಿಲ್ಲ. 43ನೆಯ ದಿನ ಅವರು ಕೆಳಗಿಳಿದು ಬಂದರು.

ಮೈಸೂರಿನ ಮನೆಯ ಹನ್ನೊಂದು ತಿಂಗಳ ಬಾಡಿಗೆ ಕರಾರು 2025ರ ನವೆಂಬರ್‌ನಲ್ಲಿ ಮುಗಿಯಿತು. ಮಾರಿಬಿಡಬಹುದಲ್ಲ ಎಂದು ತಮ್ಮನವರು ಕೇಳಿದಾಗ ಟೀಚರ್ ಇನ್ನೊಂದು ಹನ್ನೊಂದು ತಿಂಗಳಿಗೆ ನವೀಕರಿಸಿದರು. ಬಾಡಿಗೆದಾರರು ಅಡುಗೆಮನೆಯ ತಗ್ಗು ಕಟ್ಟೆಯನ್ನು ಒಡೆಯಬಾರದು ಎಂದು ಕರಾರಿನಲ್ಲಿ ಸೇರಿಸಿದ್ದಾರೆ. ಮುಂದಿನ ಕೈಲೆಕ್ಕವನ್ನು ಫೆಬ್ರವರಿಯ ಮೊದಲ ವಾರ ಬರೆಯುವುದಾಗಿ ನನಗೆ ತಿಳಿಸಿದ್ದಾರೆ. ಈ ಸಲ ಐದನೆಯ ಕಂಬಸಾಲೊಂದನ್ನು ಎಳೆದಿದ್ದಾರಂತೆ, ಅವರ ಕೈ ಬೇರೆಯವರಿಗೆ ಬೇಕಾದ ಸಲಗಳನ್ನು ಬರೆಯಲು.